ಮೀನಾ ಸಲ್ಮಾನಿನ ಕ್ರೇನ್ ಆಪರೇಟರ್

ಎಪ್ಪತ್ತರ ದಶಕದ ನಡುವಿನ ಆ ವರ್ಷ ಬಹರೈನಿನಲ್ಲಿ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು. ಸಿಮೆಂಟು, ಕಬ್ಬಿಣ ಹೊತ್ತ ಹಡಗುಗಳು ಮೀನಾ ಸಲ್ಮಾನ್ ಬಂದರಿನ ಹೊರಗೆ ವಾರಗಟ್ಟಲೆ ಸರದಿ ಕಾಯುತ್ತಿದ್ದವು. ಚಳಿಗಾಲದ ಮಂಜಿನಲ್ಲೂ ಆಗಸ್ಟಿನ ಬೇಗೆಯಲ್ಲೂ ಅವುಗಳ ಸರಕು ಇಳಿಸುತ್ತಿದ್ದವರು ಉಡುಪಿ ಕಡೆಯ ನಮ್ಮ ಕ್ರೇನ್ ಆಪರೇಟರ್. ಮೊನ್ನೆ ಊರಿನಲ್ಲಿ ತೀರಿಕೊಂಡರಂತೆ.

ಬೆಳಗ್ಗೆ ಕ್ರೇನ್ ಹತ್ತುವ ಮೊದಲು ಅವರು ಸರಕು ಹಿಡಿದಿಳಿಸಲು ಹಡಗಿನ ಪಕ್ಕ ಧಕ್ಕೆಯಲ್ಲಿ ನಿಂತ ನಮ್ಮೊಬ್ಬೊಬ್ಬರ ಮುಖವನ್ನೂ ನೋಡಿ ಬರುತ್ತಿದ್ದರು. "ನಾವೆಂತ ಮದುಮಕ್ಕಳಾ, ಹೀಗೆ ನೋಡ್ಲಿಕ್ಕೆ?" ಎಂದು ಕೆಣಕಿದರೆ, "ಮೇಲಿಂದ ಬರೀ ತಲೆ ಕಾಣುದು ಮಾರಾಯ. ಯಾರ ತಲೆ ಅಂತ ಗೊತ್ತಿರ್ಬೇಕಲ್ಲ" ಎನ್ನುತ್ತಿದ್ದರು. ದಿನವೂ ಅದೇ ಮಾತು.

ಜೂನಿನ ಒಂದು ಮಧ್ಯಾಹ್ನ ಶಮಾಲ್ ಗಾಳಿ ಧೂಳೆಬ್ಬಿಸಿಕೊಂಡು ಬಂತು. ಇಳಿಯುತ್ತಿದ್ದ ಕಬ್ಬಿಣದ ಕೊಳವೆಗಳ ಕಟ್ಟು ಗಾಳಿಗೆ ತಿರುಗಿ, ಅದರ ಒಂದು ತುದಿ ನನ್ನ ಕಾಲಿನ ಮೇಲೆ ಕೂತಿತು. ಇನ್ನಷ್ಟು ಇಳಿಸಿದರೆ ಕಾಲು ಹೋಗುತ್ತಿತ್ತು. ಜೋರಾಗಿ ಎತ್ತಿದರೆ ಕಟ್ಟು ತೂಗಿ ಉಳಿದವರಿಗೆ ಬಡಿಯುತ್ತಿತ್ತು. ಧೂಳಿನಲ್ಲಿ ಕ್ರೇನಿನ ಮೇಲಿದ್ದ ಅವರಿಗೆ ನಾವು ಕಾಣುತ್ತಿರಲಿಲ್ಲ, ನನ್ನ ಕೂಗಷ್ಟೇ ಕೇಳಿತ್ತು. ಬೆಳಗ್ಗೆ ನೋಡಿ ಹೋದದ್ದರಿಂದ ಯಾರು ಎಲ್ಲಿದ್ದಾರೆಂಬುದು ಮಾತ್ರ ಗೊತ್ತಿತ್ತು. ಕಟ್ಟು ನಾಲ್ಕು ಬೆರಳಿನಷ್ಟು ಮೇಲೆದ್ದು ಅಲ್ಲೇ ನಿಂತಿತು. ಜೊತೆಯವರು ನನ್ನನ್ನು ಎಳೆದುಕೊಂಡರು.

ಆಪರೇಟರ್ ನನ್ನನ್ನು ನೋಡಲು ಆಸ್ಪತ್ರೆಗೆ ಬಂದಾಗ, "ಅಣ್ಣ, ನಿಮಗೆ ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದೆ.

"ನಿನಗೆ ಆದದ್ದೇ ಸಾಕಲ್ಲ" ಎಂದು ನಕ್ಕರು.

ಜೊತೆಯವರು ಆಮೇಲೆ ಹೇಳಿದರು. ನನ್ನನ್ನು ಹೊರಗೆ ತೆಗೆದು ಎಷ್ಟು ಕೂಗಿದರೂ ಕಟ್ಟು ಕೆಳಗಿಳಿಯಲಿಲ್ಲವಂತೆ. ಇಬ್ಬರು ಮೇಲೆ ಹತ್ತಿ ನೋಡಿದರೆ ಅವರ ಕೈ ಲಿವರನ್ನು ಬಿಡಲೊಲ್ಲದು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತಂತೆ.