ರಿಜಿಸ್ಟ್ರಿಗೆ ಮೊದಲೇ ಹಾಲು ಉಕ್ಕಿಸಿದ ಮನೆ

ಮನೆಗೆ ಅಡ್ವಾನ್ಸ್ ಕೊಟ್ಟ ಮೇಲೆ ರಿಜಿಸ್ಟ್ರಿ ಆಗಲು ಎಷ್ಟು ದಿನ ಬೇಕು? ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಈ ಪ್ರಶ್ನೆ ಕೇಳಿ ನೋಡಿ. ಕೂತವರು, ನಿಂತವರು, ಬಾಗಿಲಿಗೆ ಜೋತುಬಿದ್ದವರು, ಎಲ್ಲರೂ ವಕೀಲರೇ. ನಾನು ಕೇಳಿದಾಗ ಒಬ್ಬ ವಾರ ಸಾಕು ಅಂದ. ಇನ್ನೊಬ್ಬ ಖಾತೆ ಸರಿಯಿದ್ದರೆ ತಿಂಗಳು, ಇಲ್ಲದಿದ್ದರೆ ದೇವರೇ ಗತಿ ಅಂದ. ಮನೆ ಕಟ್ಟಿ ನೋಡು ಅಂದ ಹಿರಿಯರು ಕೊಂಡು ನೋಡು ಅನ್ನಲಿಲ್ಲವಲ್ಲ, ಅದು ಸುಲಭವೇ ಇರಬೇಕು ಅಂತ ನಾನು ನಕ್ಕಿದ್ದೆ.

ಅವಸರ ಇದ್ದದ್ದು ನನ್ನ ಹೆಂಡತಿಗೆ. ಬೇತಮಂಗಲದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಣ್ಣನ ಸಂಸಾರದ ಜೊತೆ ಒಂದೇ ಅಡುಗೆಮನೆ. ಹಸು ಕರೆದು ಡೈರಿಗೆ ಹಾಲು ಹಾಕುವುದು ಇವಳ ಪಾಲು, ಇವತ್ತು ಏನು ಸಾರು ಎಂದು ಹೇಳುವುದು ಅತ್ತಿಗೆಯ ಪಾಲು. ಯುಗಾದಿಯ ಮಾರನೆಯ ದಿನ ಮಾತಿಗೆ ಮಾತು ಬೆಳೆಯಿತು. "ಸ್ವಂತ ಒಲೆ ಅಚ್ಚೋವರ್ಗೂ ಈ ಕಡೆ ತಲೆ ಆಕಲ್ಲ" ಎಂದು ಬಟ್ಟೆ ಗಂಟು ಕಟ್ಟಿಕೊಂಡು ಹೊರಟೇಬಿಟ್ಟಳು. ಬಂಗಾರಪೇಟೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಮನೆ ಹುಡುಕತೊಡಗಿದೆವು.

ಸಿಕ್ಕಿತು. ಊರಾಚೆ, ಕೆಜಿಎಫ್ ರಸ್ತೆಯಿಂದ ಸ್ವಲ್ಪ ಒಳಗೆ. ಹೊಸ ಮನೆ, ಇನ್ನೂ ಯಾರೂ ವಾಸ ಮಾಡಿಲ್ಲ ಎಂದ ಮಾರುವವನು. ಕೆಜಿಎಫ್‌ನ ಕೋರಮಂಡಲ್ ಕಡೆಯವನು, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಅಗ್ರಿಮೆಂಟ್ ಆಗುವಷ್ಟರಲ್ಲಿ ಆಷಾಢ ಹತ್ತಿರ ಬಂದಿತ್ತು. ಆಷಾಢದಲ್ಲಿ ನಮ್ಮಲ್ಲಿ ಯಾರೂ ಹೊಸ ಮನೆಗೆ ಕಾಲಿಡುವುದಿಲ್ಲ.

"ರಿಜಿಸ್ಟ್ರಿ ಎಲ್ಲಿಗೋಗ್ತದೆ ಬಿಡಣ್ಣ, ಒಳ್ಳೆ ದಿನ ಓದ್ರೆ ವಾಪಸ್ ಬತ್ತದಾ? ಮೊದ್ಲು ಆಲು ಉಕ್ಕಿಸಿ" ಎಂದು ಬೀಗದ ಕೈ ನನ್ನ ಅಂಗೈಗೆ ಹಾಕಿದ.

ಎಂಥ ದೊಡ್ಡ ಮನಸ್ಸು ಅಂದುಕೊಂಡೆ. ಹೆಂಡತಿ ಮೂರು ಇಟ್ಟಿಗೆ ಹೂಡಿ ಹಾಲು ಉಕ್ಕಿಸಿದಳು. ಹಾಲು ಉಕ್ಕಿದ ಮನೆಯನ್ನು ಕತ್ತಲಲ್ಲಿ ಬಿಡಬಾರದೆಂದು ಬಾಡಿಗೆ ಕೋಣೆ ಖಾಲಿ ಮಾಡಿ ಅವತ್ತೇ ಅಲ್ಲಿ ಮಲಗಿದೆವು. ಪಕ್ಕದ ಮನೆಯಲ್ಲಿ ಕೆಜಿಎಫ್‌ನ ಉರಿಗಾಂನಲ್ಲಿ ಹುಟ್ಟಿ ಬೆಳೆದ ಒಬ್ಬ ಅಜ್ಜಿ ಇದ್ದರು. ಅವರಿಗೂ ಒಂದು ಲೋಟ ಹಾಲು ಕೊಟ್ಟು ಬಂದಳು.

"ಈ ಸಲ ನೀವಾಮ್ಮ?" ಎಂದು ಕೇಳಿದರಂತೆ ಅಜ್ಜಿ. ತಮಿಳಿನವರು, ಏನೋ ಹೇಳಲು ಹೋಗಿ ಏನೋ ಹೇಳಿರಬೇಕು ಎಂದೆ ನಾನು.

ಕೆಲವು ದಿನಗಳಾದ ಮೇಲೆ ಹೆಂಡತಿ ಅಡುಗೆಮನೆಯ ಇನ್ನೊಂದು ಮೂಲೆಯಲ್ಲಿ ಬಿದ್ದಿದ್ದ ಅರ್ಧ ಚೀಲ ಸಿಮೆಂಟನ್ನು ಸರಿಸಿದಳು. ಅದರ ಕೆಳಗೆ ನೆಲದ ಮೇಲೆ ಹೊಗೆ ಹಿಡಿದ ಕಪ್ಪು ಗುರುತು. ಸುತ್ತ ಹಾಲು ಚೆಲ್ಲಿ ಒಣಗಿದ ಕಲೆ, ಅರಿಶಿನ, ಕುಂಕುಮ.

"ನಾವು ಇಲ್ಲಿ ಒಲೆ ಊಡ್ಲಿಲ್ಲ ಅಲ್ವಾ?" ಎಂದಳು.

ಫೋನು ಮಾಡಿದೆ. "ಪೇಂಟಿನವ್ರು ಟೀ ಕಾಯಿಸ್ಕೊಂಡಿರ್ತಾರೆ ಅಣ್ಣ" ಎಂದು ನಕ್ಕ ಮಾರುವವನು. ಪೇಂಟಿನವರು ಟೀಗೆ ಕುಂಕುಮ ಹಾಕುತ್ತಾರೆಯೇ? ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂದು ಭಯವಾಯಿತು. ಅವಳು ಸೋಪಿನ ಪುಡಿ ಹಾಕಿ ನೆಲ ಉಜ್ಜಿದಳು.

ರಿಜಿಸ್ಟ್ರಿ ಯಾವಾಗ ಎಂದರೆ, ಆಷಾಢ ಕಳೆಯಲಿ ಅಂದ. ಶ್ರಾವಣದಲ್ಲಿ ಆಫೀಸಿನ ಸರ್ವರ್ ಕೆಟ್ಟಿದೆ ಅಂದ. ಆಮೇಲೆ ಖಾತೆಯಲ್ಲಿ ಹೆಸರು ತಪ್ಪಿದೆ, ಆಮೇಲೆ ಪಿತೃಪಕ್ಷ. ವಿಚಾರಿಸಿದರೆ ಒಂದೊಂದೂ ನಿಜವೇ ಆಗಿರುತ್ತಿತ್ತು. ಸುಳ್ಳಾಗಿದ್ದರೆ ಆಗಲೇ ಜುಟ್ಟು ಹಿಡಿಯಬಹುದಿತ್ತು. ತಾಳಿದವನು ಬಾಳಿಯಾನು ಎಂದು ಹೆಂಡತಿಗೆ ಹೇಳುತ್ತಿದ್ದೆ.

ನವರಾತ್ರಿ ಕಳೆದ ಮೇಲೆ ಒಂದು ಸಂಜೆ ಗಂಡ ಹೆಂಡತಿ ಇಬ್ಬರು ಗೇಟಿನ ಹತ್ತಿರ ನಿಂತಿದ್ದರು. ನಮ್ಮದೇ ವಯಸ್ಸು. ಆಕೆ ಮನೆಯನ್ನು ನೋಡುತ್ತಿದ್ದ ರೀತಿ ನನ್ನ ಹೆಂಡತಿ ನೋಡುವಂತೆಯೇ ಇತ್ತು.

"ಇದು ನಮ್ಮನೆ ಕಣಮ್ಮ" ಎಂದಳು ಆಕೆ ನನ್ನ ಹೆಂಡತಿಗೆ, ಜಗಳದ ದನಿಯಲ್ಲಲ್ಲ. "ಓದ್ ವರ್ಷ ಆಲು ಉಕ್ಕಿಸಿದ್ವಿ. ರಿಜಿಸ್ಟ್ರಿ ಇವತ್ತು ನಾಳೆ ಅಂತಿದ್ದ. ನಮ್ಮತ್ತೆ ತೀರ್ಕೊಂಡ್ರು ಅಂತ ಇಬ್ರೂ ಊರಿಗೋದ್ವಿ. ತಿಥಿ ಮುಗಿಸ್ಕೊಂಡು ಬರೋಷ್ಟರಲ್ಲಿ ನಮ್ ಸಾಮಾನೆಲ್ಲ ಈಚೆಗಿತ್ತು, ಬೀಗ ಬೇರೆ. ದುಡ್ಡು ವಾಪಸ್ ಕೊಡ್ತೀನಿ ಅಂತ ಇವತ್ಗೂ ಅಲೆದಾಡಿಸ್ತಾವ್ನೆ."

ಅವರ ಕೈಯಲ್ಲೂ ಅಗ್ರಿಮೆಂಟ್ ಇತ್ತು, ನಮ್ಮದರಂಥದೇ. ಅಲ್ಲೇ ನಿಂತು ಇಬ್ಬರೂ ಗಂಡಸರು ಮಾರುವವನಿಗೆ ಫೋನು ಮಾಡಿದೆವು. ಸ್ವಿಚ್ ಆಫ್. ಅವತ್ತಿನಿಂದ ಅದು ಹತ್ತಿಯೇ ಇಲ್ಲ.

ಪೊಲೀಸರು ದೂರು ಬರೆದುಕೊಂಡರು. ಕೋಲಾರದ ವಕೀಲರು ನಮ್ಮ ಕಾಗದ ನೋಡಿ ಕನ್ನಡಕ ತೆಗೆದರು. "ಕೇಸು ವರ್ಷಗಟ್ಟಲೆ ಎಳೀತದೆ. ಸದ್ಯಕ್ಕೆ ನೀವು ಒಳಗಿದ್ದೀರಿ. ಮನೆ ಮಾತ್ರ ಖಾಲಿ ಬಿಡಬೇಡಿ" ಎಂದರು.

ಅವತ್ತಿನಿಂದ ನಾವಿಬ್ಬರೂ ಒಟ್ಟಿಗೆ ಹೊರಗೆ ಹೋಗಿಲ್ಲ. ಅವಳು ಅಂಗಡಿಗೆ ಹೋದರೆ ನಾನು ಒಳಗೆ, ನಾನು ಕೆಲಸಕ್ಕೆಂದು ರೈಲಿಗೆ ಹೋದರೆ ಅವಳು ಚಿಲಕ ಹಾಕಿಕೊಂಡು ಒಳಗೆ. ಎದುರಿನ ಹೊಂಗೆ ಮರದ ಕೆಳಗೆ ಆ ಗಂಡ ಗಾಡಿ ನಿಲ್ಲಿಸಿಕೊಂಡು ಕೂತಿರುತ್ತಾನೆ. ಬಯ್ಯುವುದಿಲ್ಲ, ಗೇಟು ಮುಟ್ಟುವುದಿಲ್ಲ. ಅವನ ಮೇಲೆ ಸಿಟ್ಟು ಬರಲಿ ಎಂದು ಪ್ರಯತ್ನಪಡುತ್ತೇನೆ, ಬರುವುದಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅಲ್ಲೇ ಕೂರುತ್ತಿದ್ದೆ.

ಕಾರ್ತಿಕದಲ್ಲಿ ಅಣ್ಣ ಫೋನು ಮಾಡಿದ. ಬೆಳಿಗ್ಗೆ ಹಸು ಕರೆಯುತ್ತಿದ್ದ ಹಾಗೆಯೇ ಅತ್ತಿಗೆ ಕುಸಿದು ತೀರಿಕೊಂಡಿದ್ದರು. ಹೆಂಡತಿ ಗೋಡೆಗೆ ಒರಗಿ ಅತ್ತಳು. "ನಡೀರಿ, ಒಂದ್ಸಲ ಮುಖ ನೋಡ್ಬೇಕು" ಎಂದು ಸೀರೆ ಬದಲಾಯಿಸಿದಳು, ತಲೆ ಬಾಚಿಕೊಂಡಳು. ಬಾಗಿಲು ತೆಗೆದೆ. ಮರದ ಕೆಳಗೆ ಅವತ್ತು ಗಂಡ ಹೆಂಡತಿ ಇಬ್ಬರೂ ಇದ್ದರು. ನನ್ನ ಹಿಂದೆ ನಿಂತು ಅವಳೂ ನೋಡಿದಳು. ಮೆಟ್ಟಿದ್ದ ಚಪ್ಪಲಿ ಬಿಟ್ಟು ಒಳಗೆ ಹೋದಳು.

ನಾನೊಬ್ಬನೇ ಹೋಗಿ ಮಣ್ಣು ಹಾಕಿ ಬಂದೆ. ಅವಳೆಲ್ಲಿ ಎಂದು ಅಣ್ಣ ಕೇಳಿದ, ಜ್ವರ ಅಂದೆ. ಯುಗಾದಿಯ ಜಗಳ ಮನಸ್ಸಲ್ಲಿಟ್ಟುಕೊಂಡಿದ್ದಾಳೆ ಎಂದು ನೆಂಟರು ಗುಸುಗುಸು ಮಾತಾಡಿದ್ದು ಕೇಳಿಸಿತು.

ಸಂಜೆ ಬಂದು ಬಾಗಿಲು ತಟ್ಟಿ, "ನಾನು ಕಣೇ" ಎಂದೆ. ಒಳಗಿನಿಂದ ಹೆಜ್ಜೆ ಸಪ್ಪಳ ಬಾಗಿಲವರೆಗೂ ಬಂದು ನಿಂತಿತು. ಚಿಲಕ ಮಾತ್ರ ತೆಗೆಯಲಿಲ್ಲ.

"ಒಬ್ರೇ ಇದ್ದೀರಾ?" ಎಂದು ಕೇಳಿದಳು.