ಎಡಬದಿಯ ಕೆಂಪು ಕಲೆ

ದೆವ್ವ ಕಂಡೆ, ಭೂತ ಕಂಡೆ ಎನ್ನುವವರನ್ನು ನಾನು ಮುಲಾಜಿಲ್ಲದೆ ಗೇಲಿ ಮಾಡುತ್ತಿದ್ದೆ. ಲೇಸರ್ ಸ್ಕ್ಯಾನರ್ ಹಿಡಿದು ಮಿಲಿಮೀಟರ್ ಲೆಕ್ಕ ಹಾಕಿ ಅನ್ನ ತಿನ್ನುವವನಿಗೆ ಇಂಥದ್ದೆಲ್ಲ ಹೇಗೆ ಹಿಡಿಸೀತು? ಈಗಲೂ ನಂಬಿದ್ದೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕಣೇಕಲ್ಲು ಕೆರೆಯಲ್ಲಿ ಜನರನ್ನು ಸುತ್ತಾಡಿಸಲು ಒಬ್ಬ ಗುತ್ತಿಗೆದಾರರು ರಾಯದುರ್ಗದ ಈರಣ್ಣನಿಂದ ಫೈಬರ್ ದೋಣಿ ಮಾಡಿಸಿದ್ದರು. ಅದರ ಆಕಾರ ನಕ್ಷೆಯಂತೆ ಬಂದಿದೆಯೇ ಎಂದು ಪರೀಕ್ಷಿಸಲು ಮಡಕಶಿರಾದಿಂದ ನನ್ನನ್ನು ಕರೆಸಿದರು. ಶೆಡ್ಡಿನಲ್ಲಿ ದೋಣಿಯನ್ನು ಬೋರಲು ಹಾಕಿದ್ದರು. ಈರಣ್ಣನನ್ನು ನನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು, ಬಾಗಿಲು ಹಾಕಿ ಸ್ಕ್ಯಾನ್ ಮಾಡಿದೆ. ಒಳಗೆ ಇದ್ದದ್ದು ನಾವಿಬ್ಬರೇ. ಲ್ಯಾಪ್‌ಟಾಪಿನಲ್ಲಿ ದೋಣಿಯೆಲ್ಲ ಹಸಿರು. ಎಡಬದಿಯಲ್ಲಿ ಮಾತ್ರ ಒಂದು ಕೆಂಪು ಕಲೆ. ಅಲ್ಲಿ ಮೈ ಉಬ್ಬಿದೆ ಎಂದು ಅದರ ಅರ್ಥ.

"ಎಡಬದಿ ನಮ್ಮಣ್ಣನ ಕೆಲಸ ರೀ. ಅದನ್ನ ಮುಗಿಸಿ ಎಂಟು ದಿನಕ್ಕ ತೀರಿಕೊಂಡ. ಅವನ ಕೈ ತಪ್ಪಾಕ ಸಾಧ್ಯನ ಇಲ್ರಿ. ಒಂದ್ಸಲ ಕೈಯಾಡ್ಸಿ ನೋಡ್ರಿ," ಎಂದ ಈರಣ್ಣ.

ನೋಡಲಿಲ್ಲ. ನನ್ನ ಧಿಮಾಕು ಹಾಗಿತ್ತು. "ಕೈಗೇನ್ ಗೊತ್ತಾಗ್ತೈತೆ ಈರಣ್ಣ, ಮಿಷನ್ ಸುಳ್ ಹೇಳಲ್ಲ" ಎಂದು, ಎಡಬದಿ ತಪ್ಪಿದೆಯೆಂದು ವರದಿ ಬರೆದುಕೊಟ್ಟು ಬಸ್ಸು ಹತ್ತಿದೆ. ಗುತ್ತಿಗೆದಾರರು ದೋಣಿ ಬೇಡವೆಂದರು. ಈರಣ್ಣ ಅದನ್ನು ತಾನೇ ತುಂಡು ತುಂಡಾಗಿ ಕತ್ತರಿಸಿ ಹಾಕಿದನಂತೆ.

ವರ್ಷದ ಮೇಲೆ ಇನ್ನೇನೋ ಹುಡುಕುತ್ತ ಆ ಫೈಲ್ ತೆರೆದೆ. ಕೆಂಪು ಕಲೆಯನ್ನು ಮೊದಲ ಸಲ ಹತ್ತಿರಕ್ಕೆ ಎಳೆದು, ತಿರುಗಿಸಿ ನೋಡಿದೆ. ಅದು ಉಬ್ಬಾಗಿರಲಿಲ್ಲ. ದೋಣಿಯ ಮೇಲೆ ಚಪ್ಪಟೆಯಾಗಿ ಇಟ್ಟ ಒಂದು ಕೈ. ಮಣಿಕಟ್ಟಿನಾಚೆ ಏನೂ ಇಲ್ಲ. ಉಂಗುರಬೆರಳೂ ಇಲ್ಲ. ಅದರ ಸುತ್ತ ದೋಣಿಯ ಮೈ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಈರಣ್ಣನಿಗೆ ಫೋನ್ ಮಾಡಿ, ಅವನ ಅಣ್ಣನ ಕೈ ಹೇಗಿತ್ತೆಂದು ಕೇಳಿದೆ.

"ಉಂಗುರಬೆರಳು ಕಟಿಂಗ್ ಮಿಷಿನ್ನಿಗೆ ಹೋಗಿತ್ರಿ. ಯಾಕ್ರಿ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಮುಂದುವರಿಸಿದ: "ನೀವು ಅವತ್ತು ಅಂದಿದ್ದು ಖರೇ ರೀ. ಕಡೀಗಾಲಕ್ಕ ಅಣ್ಣನ ಕೈ ತಪ್ಪಿತ್ತು ಕಾಣ್ತೈತಿ. ನಾನೂ ಈಗ ಒಪ್ಕೊಂಡೀನಿ."

ಆ ಕೈ ಯಾರದು, ಬಾಗಿಲು ಹಾಕಿದ ಶೆಡ್ಡಿಗೆ ಹೇಗೆ ಬಂತು, ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ನಿಮ್ಮಣ್ಣ ತಪ್ಪಿರಲಿಲ್ಲ ಎಂದು ಈರಣ್ಣನಿಗೆ ಹೇಳಲು ಅದು ತಿಳಿಯಬೇಕಾಗಿಯೂ ಇರಲಿಲ್ಲ. ಅಷ್ಟು ಮಾತನ್ನೂ ಹೇಳದೆ, "ಸುಮ್ನೆ ಕೇಳ್ದೆ" ಎಂದು ಫೋನ್ ಇಟ್ಟೆ.