ಬಾಗಿಲಿಗೆ ನೀರು

ನಗರಸಭೆಯ ಮೈಕು ಕಟ್ಟಿದ ಆಟೋ ನಮ್ಮ ಬೀದಿಗೆ ಬಂದಾಗ ನಾನು ಚಳ್ಳಕೆರೆಯ ಮನೆಯ ಕಟ್ಟೆಯ ಮೇಲೆ ಕೂತು ಪರೀಕ್ಷೆಗೆ ಓದುತ್ತಿದ್ದೆ. ನಲ್ಲಿಯ ನೀರಲ್ಲಿ ಗಾಡಿ ತೊಳೆಯಬಾರದು, ಅಂಗಳಕ್ಕೆ ನೀರು ಹೊಡೆಯಬಾರದು, ನಲ್ಲಿಗೆ ಮೋಟಾರು ಹಚ್ಚಬಾರದು, ತಪ್ಪಿದರೆ ದಂಡ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಪಳಗಿದವಳು ನಾನು. ಯಾವ ನಿಯಮ ಕೇಳಿದರೂ ಮೊದಲು ಅದರಲ್ಲಿ ತೂತು ಹುಡುಕುವುದು ಅಭ್ಯಾಸ. ತೂತು ಹುಡುಕಲು ಕಷ್ಟವೇನಿರಲಿಲ್ಲ. ಮೂಲೆಮನೆಯವರು ಮೋಟಾರು ಹಚ್ಚಿ ಸಂಪು ತುಂಬಿಸಿಕೊಳ್ಳುವುದು ಇಡೀ ಬೀದಿಗೆ ಗೊತ್ತು. ಆದರೆ ಆ ಬೇಸಿಗೆಯಲ್ಲಿ ನಲ್ಲಿ ವಾರಕ್ಕೊಮ್ಮೆ ಬಂದರೆ ಅದೇ ಪುಣ್ಯ. ನಿಯಮದ ವಿರುದ್ಧ ನನ್ನಲ್ಲಿ ಸಿಟ್ಟಿತ್ತೇ ಹೊರತು ವಾದವಿರಲಿಲ್ಲ. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಸುಮ್ಮನಿರುವುದು ನನ್ನಿಂದಾಗದು.

ಮೊದಲು ಅವ್ವನಿಗೆ ಬೆಳಗ್ಗೆ ಬಾಗಿಲಿಗೆ ನೀರು ಹಾಕುವುದನ್ನು ಬಿಡಿಸಿದೆ. ಆಮೇಲೆ ಪಕ್ಕದ ಮನೆಯ ದೊಡ್ಡವ್ವನ ಹತ್ತಿರ ಹೋದೆ. ದೊಡ್ಡಪ್ಪ, ಅಂದರೆ ನಮ್ಮಪ್ಪನ ಅಣ್ಣ, ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊರುತ್ತಿದ್ದ ಹಮಾಲಿ. ಲಕ್ವ ಹೊಡೆದು ಮಂಚ ಹಿಡಿದಿದ್ದ. ಮಂಚವನ್ನು ಬಾಗಿಲಿಗೆ ಎದುರಾಗಿಯೇ ಹಾಕಿಸಿಕೊಂಡಿದ್ದ. ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯುವುದು, ಜತೆಯ ಹಮಾಲಿಗಳು ಬಂದು ಕೂತರೆ ಮಿಲ್ಲಿನ ಸುದ್ದಿ ಕೇಳುವುದು, ಅವನಿಗೆ ಉಳಿದದ್ದು ಅಷ್ಟೇ.

"ದಿನಾ ಒಂದು ಬಕೀಟು ನೀರು ಮಣ್ಣಿಗೆ ಹೋಗ್ತೈತಲ್ಲ ದೊಡ್ಡವ್ವ," ಅಂದೆ.

"ಮೋಟ್ರು ಹಚ್ಚೋರ ಮನಿಗೆ ಹೋಗಿ ಹೇಳು. ನನ್ನ ಬಕೀಟೇ ಕಂಡ್ತಾ ನಿನಗೆ?"

"ಅವರು ತಪ್ಪು ಮಾಡಿದ್ರೆ ನಿಂದು ಸರಿ ಆಗ್ತೈತಾ?"

"ಕಾಯಿಲೆ ಮನುಷ್ಯ ಇರೋ ಮನೆ ಕಣವ್ವ. ಬಾಗ್ಲು ಒಣಗಿದ್ರೆ ನೋಡ್ದೋರು ಏನಂದ್ಕಂತಾರೆ?"

ನಮ್ಮ ಕಡೆ ಸಾವಾದ ಮನೆಯ ಬಾಗಿಲಿಗಷ್ಟೇ ನೀರು ಬೀಳುವುದಿಲ್ಲ, ರಂಗೋಲಿ ಇರುವುದಿಲ್ಲ. ಅಂದುಕೊಳ್ಳುವವರು ಅಂದುಕೊಳ್ಳಲಿ, ಅವರು ಅಂದುಕೊಂಡ ಮಾತ್ರಕ್ಕೆ ಯಾರೂ ಸಾಯುವುದಿಲ್ಲ ಎಂದೆ. ಮಂಚದ ಮೇಲಿಂದ ದೊಡ್ಡಪ್ಪ ಸೊಟ್ಟ ಬಾಯಲ್ಲೇ ನಕ್ಕ. "ಬಿಡೆ, ಲಾಯ್ರಮ್ಮನ ಕೂಡೆ ಗೆಲ್ಲಾಕಾಗ್ತೈತಾ? ನೀರುಳಿದ್ರೆ ನಂಗೊಂದು ಲೋಟ ಕಾಫಿ ಜಾಸ್ತಿ ಮಾಡು."

ಗೆದ್ದೆ. ಬೀದಿಯಲ್ಲಿ ಬೇರೆ ಯಾರೂ ನನ್ನ ಮಾತು ಕೇಳಲಿಲ್ಲ. ಸಾಲಿನಲ್ಲಿ ಎಲ್ಲ ಬಾಗಿಲೂ ಒದ್ದೆಯಾಗಿ ರಂಗೋಲಿ ಹೊತ್ತಿರುವಾಗ ನಮ್ಮ ಎರಡು ಮಾತ್ರ ಒಣಗಿ ಬೆಳ್ಳಗೆ ಕಾಣುತ್ತಿದ್ದವು.

ಕೊಂಡ್ಲಹಳ್ಳಿಗೆ ಕೊಟ್ಟಿರುವ ಅತ್ತೆ, ದೊಡ್ಡಪ್ಪನ ತಂಗಿ, ಅಣ್ಣನನ್ನು ನೋಡಿಹೋಗಲು ಒಂದು ಬೆಳಗ್ಗೆ ಮೊದಲ ಬಸ್ಸಿಗೆ ಬಂದಳು. ಬೀದಿ ತಿರುಗಿ, ಎರಡೂ ಬಾಗಿಲು ನೋಡಿದವಳು ಕೈಚೀಲ ಬಿಟ್ಟು ಅಲ್ಲೇ ಕೂತು ಎದೆ ಬಡಿದುಕೊಂಡಳು. ಅವಳ ಗಂಡನ ಮನೆಯ ಮಾತು ತೆಲುಗು. ಅಳುವೂ ಅದರಲ್ಲೇ ಬಂತು. "ಪೋತಿವಾ ಅನ್ನಾ! ನನ್ನು ಇಡ್ಚಿ ಪೋತಿವಾ!" ನನ್ನ ಬಿಟ್ಟು ಹೋದೆಯಾ ಎಂದು ಅವಳು ಹಾಡಿಕೊಂಡು ಅಳುತ್ತಿದ್ದರೆ ಅಕ್ಕಪಕ್ಕದವರೆಲ್ಲ ಓಡಿ ಬಂದರು. ಒಂದಿಬ್ಬರು ಸೆರಗನ್ನು ಬಾಯಿಗಿಟ್ಟುಕೊಂಡೂ ಆಗಿತ್ತು.

"ಲೇ, ನಾನಿನ್ನೂ ಹೋಗಿಲ್ಲ ಕಣೇ," ಒಳಗಿಂದ ದೊಡ್ಡಪ್ಪನ ದನಿ. "ಬಂದಿದೀಯಾ, ಕಾಫಿ ಕುಡ್ದು ಹೋಗು. ಅಳಾದು ಇನ್ನೊಂದ್ಸಲಿ ಬಂದಾಗ ಅಳೀವಂತೆ."

ಬೀದಿಯೇ ನಕ್ಕಿತು. ಅತ್ತೆ ನಗುತ್ತ ಅಳುತ್ತ ಒಳಗೆ ಹೋಗಿ ಅವನ ಬೆನ್ನಿಗೆ ಗುದ್ದಿದಳು. ಅವನೂ ನಕ್ಕ. ಆದರೆ ಅವಳು ಬಸ್ಸು ಹತ್ತಿದ ಮೇಲೆ ಊಟದ ತಟ್ಟೆಯನ್ನು ಹಾಗೆಯೇ ಸರಿಸಿದ.

"ಬಾಗ್ಲಿಗೆ ನೀರು ಹಾಕು," ಅಂದ ದೊಡ್ಡವ್ವನಿಗೆ.

ಅಕ್ಕಿ ತೊಳೆದ ನೀರು ಹಾಕಬಹುದಲ್ಲ ಎಂದೆ. ದೊಡ್ಡವ್ವ ನನ್ನನ್ನು ದಿಟ್ಟಿಸಿದಳು. "ಮುಸುರೆ ನೀರು ಬಾಗ್ಲಿಗಾ? ಬಾಯಿ ತೊಳ್ಕ ಹೋಗು." ನಮ್ಮ ಕೊಡದಿಂದ ಕೊಡಲು ಹೋದರೆ, "ನಿಮ್ಮವ್ವನ ಕೊಡ ತಳ ಕಾಣ್ತೈತೆ, ನಂಗೆ ಗೊತ್ತಿಲ್ವಾ," ಎಂದು ವಾಪಸು ಕಳಿಸಿದಳು. ಟ್ಯಾಂಕರ್ ನೀರು ಸಂಪು ಇದ್ದವರಿಗೆ. ದೊಡ್ಡವ್ವನ ಹತ್ತಿರ ಇದ್ದದ್ದು ಒಂದು ಡ್ರಮ್ಮು, ಎರಡು ಕೊಡ.

ದಾರಿ ಹುಡುಕಿದ್ದು ದೊಡ್ಡಪ್ಪನೇ. "ನಂಗೆ ಮೈ ಒರ್ಸಾದು ದಿನಾ ಯಾಕೆ? ಮದ್ಲಿಗ್ನಂಗೆ ಬೆವ್ರು ಸುರ್ಸಿ ಚೀಲ ಹೊರ್ತೀನಾ? ಆ ನೀರು ಬಾಗ್ಲಿಗೆ ಹಾಕು."

ಲೆಕ್ಕದಲ್ಲಿ ಒಂದು ತೊಟ್ಟೂ ಹೆಚ್ಚಾಗುತ್ತಿರಲಿಲ್ಲ. ಬಕೀಟೂ ಹೋಗಿ ತಂಬಿಗೆಯಾಗಿತ್ತು. ಚಿಮುಕಿಸಿದರೆ ನೀರು ಹೊಡೆದಂತೆಯೂ ಆಗುವುದಿಲ್ಲ. ವಿರೋಧಿಸಲು ನನಗೆ ಏನೂ ಸಿಗಲಿಲ್ಲ. ದೊಡ್ಡವ್ವ ರಂಗೋಲಿ ಎಳೆದಳು. ಎದುರು ಮನೆಯವಳು, "ಈಗ ಮನೆ ಮನೆಯಂಗೈತೆ ನೋಡಕ್ಕ," ಅಂದಳು.

ಬೇಸಿಗೆ ಬಲಿಯಿತು. ದೊಡ್ಡಪ್ಪನ ಮೈ ಒರೆಸುವುದು ದಿನ ಬಿಟ್ಟು ದಿನವಾಯಿತು, ನಲ್ಲಿ ಬರದಿದ್ದಾಗ ಇನ್ನೂ ದೂರವಾಯಿತು. ಒಂದು ಮಧ್ಯಾಹ್ನ ದೊಡ್ಡವ್ವ ಕೂಗಿದಳೆಂದು ಓಡಿಹೋಗಿ ಅವನನ್ನು ಮಗ್ಗುಲಿಗೆ ತಿರುಗಿಸಿದೆ. ಪಂಚೆ ಚರ್ಮಕ್ಕೆ ಅಂಟಿತ್ತು. ಬಿಡಿಸಿದರೆ ಸೊಂಟದ ಕೆಳಗೆ ಹಸಿ ಗಾಯ. ಅಷ್ಟಗಲ ಗಾಯವನ್ನು ನಾನು ಮನುಷ್ಯರ ಮೈಮೇಲೆ ನೋಡಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಔಷಧಿ ಹಚ್ಚುತ್ತ ಗದರಿಸಿದಳು. "ದಿನಾ ಎಲ್ಡೊತ್ತು ಮೈ ಒರೆಸ್ಬೇಕು, ಹಾಸಿಗೆ ಬಟ್ಟೆ ಒಗ್ದು ಹಾಕ್ಬೇಕು. ಇಷ್ಟು ಗೊತ್ತಾಗಲ್ವೇನಮ್ಮಾ? ನಿಮ್ಮನೇಲಿ ನೀರಿಗೇನು ಬರಾನಾ?"

ಆಟೋದಲ್ಲಿ ವಾಪಸು ಬರುವಾಗ ದೊಡ್ಡವ್ವ ಒಂದೇ ಮಾತು ಕೇಳಿದಳು: "ಮೈಗೆ ಹಾಕ್ಲಾ, ಬಾಗ್ಲಿಗೆ ಹಾಕ್ಲಾ?" ಮೈಗೆ ಎಂದು ಹೇಳಲು ವಾದವೇನೂ ಬೇಕಿರಲಿಲ್ಲ, ಹೇಳಿದೆ. ಅವಳು ತಲೆಯಾಡಿಸಿದಳು. ಎರಡನೇ ಸಲ ಅವನು ತನ್ನದೇ ಸಾವಿನ ಅಳು ಕೇಳುವಂತಾಗಬಾರದು ಅನ್ನುವುದು ಮಾತ್ರ ಅವಳ ಮುಖದಲ್ಲಿ ಹಾಗೆಯೇ ಇತ್ತು.

ಮರುದಿನ ಎದ್ದು ನೋಡಿದರೆ ದೊಡ್ಡಪ್ಪನ ಮನೆಯ ಮುಂಬಾಗಿಲಿಗೆ ಹೊರಗಿಂದ ಬೀಗ. ಗಾಬರಿಯಾಗಿ ಹಿತ್ತಲಿಗೆ ಹೋದೆ. ದೊಡ್ಡವ್ವ ಹಿತ್ತಲ ಬಾಗಿಲಲ್ಲಿ ಅವನ ಪಂಚೆ ಹಿಂಡುತ್ತಿದ್ದಳು. "ಬೀಗ ಇದ್ರೆ ಊರಿಗೆ ಹೋಗ್ಯಾರೆ ಅಂತಾರೆ," ಅಂದಳು. "ಒಣ ಬಾಗ್ಲು ನೋಡಿ ಯಾರೂ ಅಳಲ್ಲ."

ಯಾವ ನಿಯಮವೂ ಮುರಿದಿರಲಿಲ್ಲ. ಒಳಗೆ ಕತ್ತಲು. ದೊಡ್ಡಪ್ಪ ಮಗ್ಗುಲಾಗಿ ಮುಚ್ಚಿದ ಬಾಗಿಲನ್ನೇ ನೋಡುತ್ತ ಮಲಗಿದ್ದ. ಸಂಜೆ ಮಿಲ್ಲಿನ ಇಬ್ಬರು ಬಂದು, ಬೀಗ ಮುಟ್ಟಿ ನೋಡಿ, ಬೀಡಿ ಹಚ್ಚಿಕೊಂಡು ತಿರುಗಿ ಹೋದದ್ದನ್ನು ನಮ್ಮ ಕಟ್ಟೆಯಿಂದ ನಾನೇ ನೋಡಿದೆ. ಅವರನ್ನು ಕೂಗಲಿಲ್ಲ. ಕೂಗಬೇಡ ಎಂದು ದೊಡ್ಡವ್ವ ಆಣೆ ಮಾಡಿಸಿಕೊಂಡಿದ್ದಳು.

ಆಮೇಲೆ ಕಾಫಿ ಕೊಡಲು ಹಿತ್ತಲಿಂದ ಹೋದಾಗ ದೊಡ್ಡಪ್ಪ ಕೇಳಿದ. "ಯಾರೂ ಬರ್ಲಿಲ್ವೇನೆ ಇವತ್ತು?"

"ಬಿಸ್ಲು ಜಾಸ್ತಿ ಐತಲ್ಲ ದೊಡ್ಡಪ್ಪ," ಅಂದೆ.